ಜೋಡಿ ಪದಗಳ ಪಟ್ಟಿ ಬಾಯಿಪಾಠ ಮಾಡಿಸೋದು ಬೇಡ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಗೈಡುಗಳಲ್ಲಿ, ಸ್ಪೋಕನ್ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದೇ ಥರ ಕಾಣೋ ಇಂಗ್ಲಿಷ್ ಪದಗಳನ್ನ ಜೋಡಿ ಜೋಡಿಯಾಗಿ ಒಂದು ಪಟ್ಟಿ ಮಾಡಿ ಹಾಕಿರ್ತಾರಲ್ಲ, ಅದ್ರಿಂದ ಮಕ್ಕಳಿಗೆ ಗೊಂದಲ ಹೋಗೋದಕ್ಕಿಂತ ಬರೋದೇ ಜಾಸ್ತಿ. ನಾನೇನು ಮೇಷ್ಟ್ರಲ್ಲ, ಡಿಟಿಪಿ ಜೆರಾಕ್ಸ್ ಅಂಗಡಿ ನಡೆಸೋನು, ಲೀವ್ ಲೆಟರು ಬಯೋಡೇಟಾ ಅರ್ಜಿ ಎಲ್ಲಾ ಟೈಪ್ ಮಾಡಿಕೊಡ್ತೀನಿ, ಹಾಗಾಗಿ ಜನ ಎಲ್ಲಿ ಎಡವ್ತಾರೆ ಅಂತ ದಿನಾ ನೋಡ್ತೀನಿ.

ಲೀವ್ ಲೆಟರಲ್ಲಿ ಕಾಲೇಜ್ ಪ್ರಿನ್ಸಿಪಲ್‌ಗೆ ಕೊನೇಲಿ ‘ಪಿಎಎಲ್’ ಬರಬೇಕು, ಹುಡುಗರು ‘ಪಿಎಲ್‌ಇ’ ಬರೀತಾರೆ, ಅದು ತತ್ವ ಅನ್ನೋ ಪದ. ಕಂಪ್ಯೂಟರ್ ಕೆಂಪು ಗೆರೆ ಎಳೆಯಲ್ಲ, ಯಾಕಂದ್ರೆ ಎರಡೂ ಸರಿಯಾದ ಪದಾನೇ. ಪಟ್ಟಿ ಉರು ಹೊಡೆದೋರಿಗೇ ಈ ಡೌಟು ಜಾಸ್ತಿ, ಎರಡೂ ಒಟ್ಟಿಗೆ ನೆನಪಾಗುತ್ತೆ, ಯಾವುದು ಯಾವುದಕ್ಕೆ ಅನ್ನೋದು ಮಾತ್ರ ನೆನಪಾಗಲ್ಲ. ಬದಲಿಗೆ ಮೊದಲು ಒಂದನ್ನೇ ಗಟ್ಟಿ ಮಾಡಿಸಬಹುದಲ್ವಾ, ಬ್ಯಾಂಕ್ ಲೋನ್ ಪೇಪರಲ್ಲಿ ಅಸಲು ಬಡ್ಡಿ ಅಂತ ಇರುತ್ತೆ, ಆ ಅಸಲಿಗೂ ಇದೇ ‘ಪಿಎಎಲ್’ ಪ್ರಿನ್ಸಿಪಲ್ಲೇ, ಕಾಲೇಜಿಗೆ ಮುಖ್ಯ ಅವರು ಸಾಲಕ್ಕೆ ಮುಖ್ಯ ಅಸಲು ಅಂತ ಹೇಳಿದ್ರೆ ಸಾಕು. ಇನ್ನೊಂದು ಪದ ಮುಂದಿನ ತಿಂಗಳು ಕಲೀಲಿ, ಏನು ಅರ್ಜೆಂಟು.

ಇನ್ನು ಕಿವಿ ವಿಷಯ. ‘ಕಳ್ಕೊಳ್ಳೋದು’ ಅನ್ನೋದಕ್ಕೂ ‘ಸಡಿಲ’ ಅನ್ನೋದಕ್ಕೂ ನಾವು ಲೂಸ್ ಅಂತಾನೇ ಅಂತೀವಿ. ಮೊದಲನೇದಕ್ಕೆ ಒಂದೇ ‘ಓ’, ಕೊನೇಲಿ ದುಂಬಿ ಗುಂಯ್‌ಗುಟ್ಟಿದ ಹಾಗೆ ಸದ್ದು, ಆ ಸದ್ದು ಕನ್ನಡದಲ್ಲಿಲ್ಲ, ನಮ್ಮ ‘ಸ’ಕ್ಕೂ ‘ಜ’ಕ್ಕೂ ಸೇರದ್ದು. ಎರಡನೇದಕ್ಕೆ ಎರಡು ‘ಓ’, ಕೊನೇಲಿ ಅಚ್ಚ ‘ಸ’. ಅದಕ್ಕೇ ಜಿಮ್ ಪಾಂಪ್ಲೆಟ್ಟಲ್ಲಿ ತೂಕ ಇಳಿಸಿ ಅನ್ನೋ ಬದಲು ತೂಕ ಸಡಿಲ ಮಾಡಿ ಅಂತ ಪ್ರಿಂಟಾಗೋದು. ಅಡ್ವೈಸ್ ಕಥೆನೂ ಇದೇ, ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’. ಇದನ್ನ ಮೇಷ್ಟ್ರು ಬಾಯಲ್ಲಿ ಹೇಳಿ ಕೇಳಿಸ್ಬೇಕು, ಬೋರ್ಡಲ್ಲಿ ಬರೆದ್ರೆ ಬರಲ್ಲ. ‘ಆದರ’ ‘ಹಾದರ’ ಅಂತ ನಾವೇ ನಗಾಡ್ತೀವಲ್ಲ, ಅಲ್ಲೂ ಕಿವೀನೇ ತಾನೇ ಕಾಪಾಡೋದು.

ಸ್ಟೇಷನರಿ ಅಂಗಡಿ ಬೋರ್ಡುಗಳಲ್ಲಿ ಕೊನೇಲಿ ‘ಇಆರ್‌ವೈ’ ಬರಬೇಕಾದ ಕಡೆ ಅರ್ಧಕ್ಕರ್ಧ ‘ಎಆರ್‌ವೈ’ ಇರುತ್ತೆ, ಅದರರ್ಥ ಅಲ್ಲಾಡದೆ ನಿಂತಿರೋದು! ತಮಾಷೆ ಅಂದ್ರೆ ಎರಡಕ್ಕೂ ಮೂಲ ಒಂದೇ. ಹಿಂದೆ ಯುರೋಪಲ್ಲಿ ಊರೂರು ತಿರುಗಿ ಮಾರೋರಿಗಿಂತ ಬೇರೆಯಾಗಿ ಯೂನಿವರ್ಸಿಟಿಗಳ ಹತ್ತಿರ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರ್ತಿದ್ದೋರಿಗೆ ‘ಸ್ಟೇಷನರ್’ ಅನ್ನೋ ಹೆಸರು ಬಂತು, ಲಂಡನ್ನಲ್ಲಿ ಅವರ ಸಂಘಕ್ಕೆ 1557ರಲ್ಲೇ ರಾಜಮನ್ನಣೆ ಸಿಕ್ಕಿತ್ತು. ಬೇಕರ್ ಬೇಕರಿ ಇದ್ದ ಹಾಗೆ ಸ್ಟೇಷನರ್ ಸ್ಟೇಷನರಿ, ‘ಇಆರ್’ ಅಲ್ಲೇ ಇದೆ. ಇಂಥ ಕಥೆ ಹೇಳಿದ್ರೆ ಮಕ್ಕಳು ಮರೀತಾರಾ?

ಲೈಸೆನ್ಸ್ ವಿಚಾರದಲ್ಲಂತೂ ಸುಮ್ನೆ ಮಾರ್ಕ್ಸ್ ಕಟ್ ಮಾಡ್ಬೇಡಿ, ನಮ್ಮ ಡಿಎಲ್ ಮೇಲಿರೋದು ಬ್ರಿಟಿಷ್ ರೀತಿ ‘ಸಿಇ’, ಅಮೆರಿಕದೋರು ನಾಮಪದಕ್ಕೂ ಕ್ರಿಯಾಪದಕ್ಕೂ ‘ಎಸ್‌ಇ’ನೇ ಬರೀತಾರೆ, ಮಕ್ಕಳು ಮೊಬೈಲಲ್ಲಿ ನೋಡೋದು ಜಾಸ್ತಿ ಅದನ್ನೇ.

ಇವೆಲ್ಲಾ ಹೆಚ್ಚು ಅಂದ್ರೆ ನಗೆಪಾಟಲು. ಆದ್ರೆ ಡಿಸ್ಚಾರ್ಜ್ ಪೇಪರ್ ಜೆರಾಕ್ಸಿಗೆ ತರೋರು ‘ಹೈಪರ್ ಅಂದ್ರೆ ಜಾಸ್ತೀನಾ ಕಮ್ಮೀನಾ ಅಣ್ಣಾ’ ಅಂತ ನನ್ನ ಕೇಳ್ತಾರೆ. ಹೈಪರ್ ಜಾಸ್ತಿ, ಹೈಪೋ ಕಮ್ಮಿ. ಶುಗರ್ 70ಕ್ಕಿಂತ ಕೆಳಗೆ ಹೋದ್ರೆ ಹೈಪೋ, ಆಗ ತಕ್ಷಣ ಸಕ್ಕರೆ ಕೊಡ್ಬೇಕು, ಉಲ್ಟಾ ತಿಳ್ಕೊಂಡು ಇನ್ಸುಲಿನ್ ಚುಚ್ಚಿದ್ರೆ ಜೀವಕ್ಕೇ ಅಪಾಯ. ಇದನ್ನ ಸ್ಪೆಲಿಂಗ್ ಕಲಿಸಿ ಸರಿಮಾಡೋಕಾಗಲ್ಲ. ಆಸ್ಪತ್ರೆಯೋರು ಆ ಪದದ ಪಕ್ಕ ಕನ್ನಡದಲ್ಲಿ ‘ಶುಗರ್ ಕಮ್ಮಿ’, ‘ಬಿಪಿ ಜಾಸ್ತಿ’ ಅಂತ ಪೆನ್ನಲ್ಲಿ ಬರೆದುಕೊಡ್ಲಿ, ಆರೋಗ್ಯ ಇಲಾಖೆ ಇದನ್ನ ಕಡ್ಡಾಯ ಮಾಡ್ಲಿ.

– ಒಬ್ಬ ಓದುಗ, ತುಮಕೂರು