ಹರ್ಬಲ್ ಪೊಟ್ಟಣದೊಳಗೆ ಏನಿದೆ ಎಂದು ಬರೆಯಲಿ

ಮಾನ್ಯ ಸಂಪಾದಕರೇ,

ಬ್ರಾಯ್ಲರ್ ಕೋಳಿಗೆ ಅರಿಶಿನ, ಬೆಳ್ಳುಳ್ಳಿ ತಿನ್ನಿಸಿದರೆ ಆಂಟಿಬಯೋಟಿಕ್ ಇಲ್ಲದೆಯೂ ಚೆನ್ನಾಗಿ ಬೆಳೆಯುತ್ತವೆ ಎಂದು ನಿಮ್ಮ ಕೃಷಿ ಪುಟದಲ್ಲಿ ಓದಿ ಖುಷಿಯಾಯಿತು. ಆದರೆ ಎಷ್ಟು ಹಾಕಬೇಕು, ಖರ್ಚೆಷ್ಟು, ಎಲ್ಲಿ ಕೈಕೊಡುತ್ತದೆ ಎಂಬುದು ಅದರಲ್ಲಿ ಇರಲಿಲ್ಲ. ಅದಕ್ಕೇ, ಮತ್ತು ಕೋಳಿ ಫೀಡಿಗೆ ಬೆರೆಸಲು ಮಾರುವ 'ಹರ್ಬಲ್' ಪುಡಿಯ ಪೊಟ್ಟಣದ ಬಗ್ಗೆಯೂ ಬರೆಯುತ್ತಿದ್ದೇನೆ.

ನನ್ನ ತವರು ಅಥಣಿ. ಹನ್ನೊಂದು ವರ್ಷದಿಂದ ಪುಣೆ ಜಿಲ್ಲೆಯ ಸಾಸವಡದ ಹತ್ತಿರ ನಾನೂ ನಮ್ಮ ಮನೆಯವರೂ ಎರಡು ಸಾವಿರ ಕೋಳಿಯ ಶೆಡ್ ನಡೆಸುತ್ತಿದ್ದೇವೆ. ಮೊದಲು ಒಂದು ಕಂಪನಿಗೆ ಸಾಕುತ್ತಿದ್ದೆವು. ಮರಿ, ಫೀಡ್, ಔಷಧಿ ಎಲ್ಲ ಅವರದೇ, ನಮಗೆ ಕಿಲೋ ಲೆಕ್ಕದಲ್ಲಿ ಕೂಲಿ. ಫೀಡಿನಲ್ಲಿ ಏನಿದೆ ಎಂದು ಕೇಳುವ ಹಾಗಿರಲಿಲ್ಲ. ಈಗ ಸ್ವಂತಕ್ಕೆ ಸಾಕುತ್ತೇವೆ, ಫೀಡನ್ನೂ ನಾವೇ ಬೆರೆಸುತ್ತೇವೆ.

ಒಂದು ಚಳಿಗಾಲದ ಬ್ಯಾಚಿನಲ್ಲಿ ಶೆಡ್ಡಿನ ಮಧ್ಯೆ ಬಲೆ ಕಟ್ಟಿ ಸಾವಿರ, ಸಾವಿರ ಮಾಡಿದೆವು. ಒಂದು ಕಡೆ ಮಾಮೂಲಿ ಫೀಡ್. ಇನ್ನೊಂದು ಕಡೆ ಅದೇ ಫೀಡು, ಕಿಲೋಗೆ 5 ಗ್ರಾಂ ಅರಿಶಿನ ಪುಡಿ, 5 ಗ್ರಾಂ ಒಣ ಬೆಳ್ಳುಳ್ಳಿ ಪುಡಿ. 42ನೇ ದಿನ ತೂಗಿದಾಗ ಮಾಮೂಲಿ ಕೋಳಿ ಸರಾಸರಿ 2 ಕಿಲೋ 40 ಗ್ರಾಂ, ಅರಿಶಿನ ತಿಂದದ್ದು 2 ಕಿಲೋ 110 ಗ್ರಾಂ. ತಿಂದ ಫೀಡು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ, ಮೂರೂವರೆ ಕಿಲೋ. ಎಪ್ಪತ್ತು ಗ್ರಾಂ ಸುಮ್ನೆ ಬಂದ ಹಾಗಾಯಿತು.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಮೂರೂವರೆ ಕಿಲೋ ಫೀಡಿಗೆ ಒಂದೊಂದು ಪುಡಿಯೂ ಹದಿನೇಳು, ಹದಿನೆಂಟು ಗ್ರಾಂ ಬೇಕು. ಅಷ್ಟು ಒಣ ಪುಡಿಗೆ ಹಸಿ ಬೆಳ್ಳುಳ್ಳಿ ಸುಮಾರು ಐವತ್ತು ಗ್ರಾಂ ಹೋಗುತ್ತದೆ. 2024ರಲ್ಲಿ ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ಮುಟ್ಟಿತ್ತಲ್ಲ, ಆಗ ಒಂದು ಕೋಳಿಗೆ ಇಪ್ಪತ್ತು ರೂಪಾಯಿ ಬೆಳ್ಳುಳ್ಳಿಗೇ! ಎಪ್ಪತ್ತು ಗ್ರಾಂ ಮಾಂಸ ಮಾರಿದರೆ ಅಷ್ಟು ಹುಟ್ಟುವುದಿಲ್ಲ. ಹಾಗಾಗಿ ಬೆಳ್ಳುಳ್ಳಿ ಬಿಟ್ಟೆ, ಅರಿಶಿನ ಉಳಿಸಿಕೊಂಡೆ. ಅರಿಶಿನದ ಪುಡಿ ಕೊಳ್ಳುವುದಿಲ್ಲ, ಕಲಬೆರಕೆಯ ಭಯ. ಸಾಂಗ್ಲಿಯಿಂದ ಕೊಂಬು ತಂದು ಗಿರಣಿಯಲ್ಲಿ ಬೀಸಿಸುತ್ತೇನೆ. ಬೇಸಿಗೆಯಲ್ಲಿ ನೆಲ್ಲಿಕಾಯಿ ಪುಡಿಯೂ ಒಳ್ಳೆಯದು. ಕೋಳಿಯ ಮೈ ತಾನೇ ಸಿ ವಿಟಮಿನ್ ಮಾಡಿಕೊಳ್ಳುತ್ತದೆ, ಆದರೆ ಬಿಸಿಲು ಏರಿದಾಗ ಅದು ಸಾಲುವುದಿಲ್ಲ.

ಮಳೆಗಾಲದ ಬ್ಯಾಚಿನಲ್ಲಿ ಮಾತ್ರ ಅರಿಶಿನ ನನ್ನ ಕೈಬಿಟ್ಟಿತು. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಬಂತು. ಹಿಕ್ಕೆಯಲ್ಲಿ ರಕ್ತ. ಡಾಕ್ಟರನ್ನು ಕರೆಸಿ ಔಷಧಿ ಕೊಟ್ಟೆ, ಅದರ ಅಂಶ ಮಾಂಸದಲ್ಲಿ ಉಳಿಯದಿರಲಿ ಎಂದು ಅವರು ಹೇಳಿದಷ್ಟು ದಿನ ಕಾದು ಮಾರಿದೆ. ರೋಗ ಬಂದಾಗ ಔಷಧಿ ಕೊಡುವುದು ಬೇರೆ. ದಪ್ಪಗಾಗಲಿ ಎಂದು ಆಂಟಿಬಯೋಟಿಕ್ಕನ್ನು ದಿನವೂ ಸ್ವಲ್ಪ ಸ್ವಲ್ಪ ಫೀಡಿನಲ್ಲಿ ಬೆರೆಸುವುದು ಬೇರೆ. ಈ ಎರಡನೆಯದನ್ನು ಯುರೋಪಿನಲ್ಲಿ 2006ರ ಜನವರಿಯಿಂದಲೇ ನಿಲ್ಲಿಸಿದ್ದಾರೆ. ನಮ್ಮ ಸರ್ಕಾರ 2019ರಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ಕನ್ನು ದನ, ಕೋಳಿಗಳಿಗೆ ನಿಷೇಧಿಸಿತು. ಬೇರೆ ಯಾವ ಮದ್ದೂ ನಾಟದಾಗ ಮನುಷ್ಯರಿಗೆ ಕೊನೆಯದಾಗಿ ಕೊಡುವ ಔಷಧಿ ಅದು. ಕೋಳಿಗೆ ಹಾಕಿ ಹಾಕಿ ರೋಗಾಣು ಅದಕ್ಕೂ ಬಗ್ಗದಂತಾದರೆ ಕಷ್ಟ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಒಬ್ಬ ಡೀಲರ್ 'ನೂರಕ್ಕೆ ನೂರು ಹರ್ಬಲ್' ಎಂಬ ಪೊಟ್ಟಣ ಕೊಟ್ಟ. ಮೇಲೆ ತುಳಸಿ ಎಲೆಯ ಚಿತ್ರ. ಯಾವ ಗಿಡ, ಎಷ್ಟು ಗ್ರಾಂ, ಒಂದು ಅಕ್ಷರವೂ ಇಲ್ಲ. ಕೋಳಿ ಚೆನ್ನಾಗಿಯೇ ಬೆಳೆದವು. ಆ ವಾರ ಪುಣೆಯ ಕಾತ್ರಜ್‌ನಿಂದ ನಮ್ಮ ಕಡೆಯವರೇ ಒಬ್ಬರು ಕೋಳಿ ಒಯ್ಯಲು ಬಂದಿದ್ದರು. ಅವರ ಮಗಳು ಬಾಣಂತಿ. "ಅಕ್ಕಾ, ಇದಕ್ಕೆ ಏನೂ ಹಾಕಿಲ್ಲ ಅಲ್ವಾ?" ಎಂದರು. ನನ್ನ ಬಾಯಿಂದ ಉತ್ತರ ಬರಲಿಲ್ಲ. ನನಗೇ ಗೊತ್ತಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಡೀಲರನಿಗೆ ಲ್ಯಾಬ್ ರಿಪೋರ್ಟ್ ಕೇಳಿದೆ. "ಕಂಪನಿಯ ಗುಟ್ಟು ತಾಯಿ, ಕೊಡಲ್ಲ" ಎಂದ. ಅದರಲ್ಲಿ ಕೆಟ್ಟದ್ದು ಇತ್ತು ಎಂದು ನಾನು ಹೇಳುತ್ತಿಲ್ಲ. ಇರಲಿಲ್ಲ ಎಂದು ಹೇಳಲೂ ದಾರಿಯಿಲ್ಲ. ಉಳಿದ ಪೊಟ್ಟಣಗಳನ್ನು ವಾಪಸ್ ಕೊಟ್ಟೆ.

ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗೆ ಏನೇನಿದೆ ಎಂದು ಬರೆದಿರುತ್ತದೆ. ಕೋಳಿಯ ಮೂಲಕ ನಮ್ಮ ಹೊಟ್ಟೆಗೇ ಬರುವ ಪುಡಿಗೂ ಹಾಗೇ ಬರೆಯಲಿ: ಯಾವ ಗಿಡ, ಎಷ್ಟು, ಆಂಟಿಬಯೋಟಿಕ್ ಇಲ್ಲವೆಂದು ಆ ಬ್ಯಾಚನ್ನು ಎಲ್ಲಿ ಪರೀಕ್ಷಿಸಿದರು. ಸಾಕುವವರೂ ಡೀಲರನನ್ನು ಇದನ್ನೇ ಕೇಳಲಿ. ನೀವು ಇನ್ನೊಮ್ಮೆ ಈ ವಿಷಯ ಬರೆಸಿದರೆ ಪ್ರಮಾಣವನ್ನೂ ಖರ್ಚನ್ನೂ ಸೇರಿಸಿ. ನಮ್ಮ ಮುಂದಿನ ಬ್ಯಾಚಿಗೆ ಅರಿಶಿನದ ಜೊತೆ ಅಜವಾನ ಬೆರೆಸಿ ನೋಡುವುದಿದೆ. ತೂಕ, ಸಾವು, ಖರ್ಚು ಎಲ್ಲ ಬರೆದಿಟ್ಟ ವಹಿ ಶೆಡ್ಡಿನ ಬಾಗಿಲ ಹತ್ತಿರವೇ ನೇತಾಡುತ್ತಿರುತ್ತದೆ, ಯಾರು ಬಂದರೂ ತೋರಿಸುತ್ತೇನೆ.

— ಕೋಳಿ ಸಾಕುವ ಒಬ್ಬ ಓದುಗಿ, ಸಾಸವಡ, ಪುಣೆ ಜಿಲ್ಲೆ