ಪ್ರವಾಸ ಪುಟದಲ್ಲಿ ಜಾಗದ ಜೊತೆ ಹಬ್ಬದ ದಿನವನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾರದ ಪ್ರವಾಸ ಪುಟವನ್ನು ನಾನು ಬಿಡದೆ ಓದುತ್ತೇನೆ. ಬಾಲಿ, ಥಾಯ್ಲೆಂಡ್, ಜಪಾನ್, ಮೆಕ್ಸಿಕೊ ಎಲ್ಲ ಬರುತ್ತವೆ. ಫೋಟೊಗಳೂ ಚೆನ್ನಾಗಿರುತ್ತವೆ. ಆದರೆ ಆ ಊರಿನ ಜನ ಯಾವ ಹಬ್ಬ ಮಾಡುತ್ತಾರೆ, ಅವತ್ತು ಏನು ಉಣ್ಣುತ್ತಾರೆ, ಹೊರಗಿನವರು ಹೋದರೆ ಹೇಗೆ ನಡೆದುಕೊಳ್ಳಬೇಕು ಅನ್ನೋದು ಓದಿ ಮುಗಿಸಿದರೂ ಗೊತ್ತಾಗುವುದಿಲ್ಲ. ಯಾವ ಬೀಚು, ಯಾವ ಹೋಟೆಲು, ಎಲ್ಲಿ ಶಾಪಿಂಗು, ಅಷ್ಟೇ. ಕೊನೆಗೆ ‘ಹೋಗಲು ಒಳ್ಳೆಯ ಸಮಯ’ ಅಂತ ಒಂದು ಸಾಲು ಇರುತ್ತದೆ, ಅದರಲ್ಲೂ ಮಳೆ ಯಾವಾಗ, ಬಿಸಿಲು ಯಾವಾಗ ಅನ್ನೋದು ಮಾತ್ರ. ಪ್ರತಿ ಲೇಖನದಲ್ಲೂ ಆ ಊರಿನ ಹಬ್ಬದ ದಿನವನ್ನು ಬರೆಯಿರಿ ಅಂತ ಕೇಳಿಕೊಳ್ಳಲು ಈ ಪತ್ರ.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಓಣಿಯ ಒಂದು ಕುಟುಂಬ ಬಾಲಿಗೆ ಹೋಗಿತ್ತು. ಅವರು ಹೋದ ವಾರದಲ್ಲೇ ಅಲ್ಲಿ ನ್ಯೇಪಿ ಹಬ್ಬ ಬಂತು. ಪ್ಯಾಕೇಜ್ ಮಾರಿದವರು ಅದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಇಡೀ ದಿನ ಹೋಟೆಲಿನ ಗೇಟು ದಾಟುವ ಹಾಗಿಲ್ಲ, ಕತ್ತಲಾದ ಮೇಲೆ ಬೆಳಕು ಹೊರಗೆ ಕಾಣುವ ಹಾಗಿಲ್ಲ, ಮೊಬೈಲಿನಲ್ಲಿ ಇಂಟರ್ನೆಟ್ಟೂ ಇಲ್ಲ. ‘ಒಂದು ದಿನದ ದುಡ್ಡು ಸುಮ್ನೆ ಹಾಳಾಯ್ತು’ ಅಂತ ಬೇಜಾರು ಮಾಡಿಕೊಂಡು ವಾಪಸ್ ಬಂದರು. ಅವರದೇನು ತಪ್ಪಿದೆ? ಯಾರೂ ಹೇಳದಿದ್ದರೆ ಗೊತ್ತಾಗುವುದಾದರೂ ಹೇಗೆ?

ನನ್ನನ್ನು ಕೇಳಿದರೆ ಬಾಲಿಯಲ್ಲಿ ಒಂದೇ ಒಂದು ದಿನ ಇರಬೇಕು ಅಂದರೆ ಅದೇ ದಿನ ಇರಬೇಕು. ನ್ಯೇಪಿ ಅವರ ಹೊಸ ವರ್ಷ. ಬೆಂಕಿ ಹಚ್ಚುವುದಿಲ್ಲ, ಕೆಲಸ ಮಾಡುವುದಿಲ್ಲ, ಮನೆ ಬಿಟ್ಟು ಹೊರಡುವುದಿಲ್ಲ, ಮೋಜು ಮಾಡುವುದಿಲ್ಲ. ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ವಿಮಾನ ನಿಲ್ದಾಣವನ್ನೇ ಮುಚ್ಚುತ್ತಾರೆ. ಆಸ್ಪತ್ರೆಯಂಥ ತುರ್ತು ಕೆಲಸಕ್ಕೆ ಮಾತ್ರ ವಿನಾಯಿತಿ. 2018ರಿಂದ ಮೊಬೈಲ್ ಇಂಟರ್ನೆಟ್ಟನ್ನೂ ಅವತ್ತು ನಿಲ್ಲಿಸುತ್ತಿದ್ದಾರೆ. ಪೆಚಾಲಾಂಗ್ ಅನ್ನುವ ಊರ ಕಾವಲುಗಾರರು ಬೀದಿ ತಿರುಗುತ್ತಾರೆ, ಪ್ರವಾಸಿ ಅಂತ ಯಾರನ್ನೂ ಬಿಡುವುದಿಲ್ಲ. ಅದರ ಹಿಂದಿನ ಸಂಜೆಯೋ, ಪೂರಾ ಗದ್ದಲ. ಓಗೊ-ಓಗೊ ಅನ್ನುವ ರಾಕ್ಷಸರ ದೊಡ್ಡ ದೊಡ್ಡ ಗೊಂಬೆಗಳನ್ನು ಹುಡುಗರು ಹೊತ್ತು ಮೆರೆಸುತ್ತಾರೆ, ಆಮೇಲೆ ಎಷ್ಟೋ ಗೊಂಬೆಗಳನ್ನು ಸುಟ್ಟೂ ಬಿಡುತ್ತಾರೆ. ಕಾಮಣ್ಣನನ್ನು ಸುಡುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಇನ್ನೊಂದು ಸಂಗತಿ ಗೊತ್ತಾದಾಗ ನನಗೆ ತುಂಬ ಖುಷಿಯಾಯಿತು. ಬಾಲಿಯವರು ಈ ವರ್ಷ ಎಣಿಸುವುದೂ ಕ್ರಿ.ಶ. 78ರಿಂದ ಶುರುವಾಗುವ ಶಕೆಯಲ್ಲೇ, ಅಂದರೆ ನಮ್ಮ ಪಂಚಾಂಗದ ಮೊದಲ ಪುಟದಲ್ಲಿ ಇರುತ್ತದಲ್ಲ, ಅದೇ ಲೆಕ್ಕ. 2023ರ ಮಾರ್ಚ್ 22ಕ್ಕೆ ಇಲ್ಲಿ ಯುಗಾದಿ, ಅಲ್ಲಿ ನ್ಯೇಪಿ, ಎರಡೂ ಕಡೆ ಶಕ 1945. 2026ರಲ್ಲೂ ಎರಡೂ ಮಾರ್ಚ್ 19ಕ್ಕೇ. ಅಧಿಕ ಮಾಸ ಸೇರಿಸುವ ಕ್ರಮ ಬೇರೆ ಇರುವುದರಿಂದ ಕೆಲವು ವರ್ಷ ತಿಂಗಳ ವ್ಯತ್ಯಾಸ ಬರುತ್ತದೆ. 2024ರಲ್ಲಿ ನ್ಯೇಪಿ ಮಾರ್ಚ್ 11ಕ್ಕೇ ಬಂತು, ನಮ್ಮ ಯುಗಾದಿ ಏಪ್ರಿಲ್ 9ಕ್ಕೆ. ಯುಗಾದಿ ರಜೆಗೆ ಬಾಲಿ ಟಿಕೆಟ್ ತೆಗೆಯುವ ಹುಬ್ಬಳ್ಳಿಯವರಿಗೆ ಇಷ್ಟು ತಿಳಿಸಿದರೆ ಸಾಕು, ಆ ದಿನವನ್ನು ಅವರು ಬೈಯುವುದಿಲ್ಲ.

ಅಕ್ಟೋಬರ್ ಆಸುಪಾಸಿನ ಹುಣ್ಣಿಮೆ ನೋಡಿ. 2025ರ ಅಕ್ಟೋಬರ್ 6ಕ್ಕೆ ಕೊರಿಯಾದಲ್ಲಿ ಚುಸೊಕ್, ಚೀನಾದಲ್ಲಿ ಚಂದ್ರನ ಹಬ್ಬ, ಅದೇ ಹುಣ್ಣಿಮೆಗೆ ನಮ್ಮ ಎರೆ ಸೀಮೆಯಲ್ಲಿ ಸೀಗಿ ಹುಣ್ಣಿಮೆಯ ಸಡಗರ. ಕೊರಿಯಾದವರು ಹೊಸ ಅಕ್ಕಿಯ ಹಿಟ್ಟಿನೊಳಗೆ ಎಳ್ಳು, ಬೇಳೆಕಾಳಿನ ಹೂರಣ ತುಂಬಿ, ಅರ್ಧಚಂದ್ರದ ಹಾಗೆ ಮಡಿಸಿ, ಪೈನ್ ಎಲೆ ಹಾಸಿ ಹಬೆಯಲ್ಲಿ ಬೇಯಿಸುತ್ತಾರೆ. ಸೊಂಗ್ಪ್ಯೊನ್ ಅಂತ ಅದರ ಹೆಸರು. ನೋಡಿದರೆ ನಮ್ಮ ಕಡುಬೇ. ಹಿರಿಯರ ಸಮಾಧಿಗೆ ಹೋಗಿ ಹುಲ್ಲು ಕಿತ್ತು ಶುಚಿ ಮಾಡಿ ನಮಸ್ಕರಿಸುತ್ತಾರೆ. ಆ ದಿನಗಳಲ್ಲಿ ಸೋಲ್ ನಗರದಿಂದ ಊರಿಗೆ ಹೊರಟವರ ಕಾರುಗಳಿಂದ ಹೆದ್ದಾರಿಗಳೆಲ್ಲ ತುಂಬಿ ಹೋಗುತ್ತವೆ, ರೈಲು ಟಿಕೆಟ್ ಸಿಗುವುದಿಲ್ಲ, ಅಂಗಡಿಗಳು ಜಾಸ್ತಿ ಮುಚ್ಚಿರುತ್ತವೆ. ಪ್ರವಾಸ ಲೇಖನದಲ್ಲಿ ಇದು ಇರಬೇಕು ಅಲ್ವಾ?

ಇತ್ತ ಗದಗ, ನವಲಗುಂದ, ಅಣ್ಣಿಗೇರಿ ಕಡೆ ಅದೇ ಹುಣ್ಣಿಮೆಗೆ ಏನು ನಡೆಯುತ್ತದೆ? ಕಾಳು ಕಟ್ಟುವ ಬೆಳೆಯನ್ನು ಹೊತ್ತ ಭೂಮಿ ಬಸುರಿ ಅಂತ ಅವಳಿಗೆ ಸೀಮಂತ ಮಾಡುತ್ತಾರೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯೆ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಕಡುಬು, ಮೊಸರನ್ನ ಎಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಹೋಗುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ತೊಳೆದು, ಸುಣ್ಣ ಹಚ್ಚಿ, ಪಾಂಡವರು ಅಂತ ಸಾಲಾಗಿ ಇಟ್ಟು ಪೂಜೆ. ಆಮೇಲೆ ಒಬ್ಬರು ಎಡೆಯ ಪಾತ್ರೆ ಹಿಡಿದು ‘ಹುಲ್ಲುಲ್ಲಿಗೋ’ ಅಂತ ಕೂಗುತ್ತ ಹೊಲದ ತುಂಬ ಚರಗ, ಅಂದರೆ ಆ ಎಡೆಯನ್ನು, ಚೆಲ್ಲುತ್ತಾರೆ, ಹಿಂದೆ ಇನ್ನೊಬ್ಬರು ನೀರು ಹಾಕುತ್ತ ದನಿಗೂಡಿಸುತ್ತಾರೆ. ನಂತರ ಊಟ. ಪಕ್ಕದ ಹೊಲದವರು, ದಾರಿಹೋಕರು, ಎಲ್ಲರನ್ನೂ ಕರೆದು ಕೂರಿಸುತ್ತಾರೆ. ಮೂವತ್ತು ಜನಕ್ಕೆ ಅಂತ ಕಟ್ಟಿದ ಬುತ್ತಿಯಲ್ಲಿ ಐವತ್ತು ಜನ ಉಂಡಿದ್ದನ್ನು ಎಷ್ಟೋ ಹೊಲಗಳಲ್ಲಿ ನೋಡಬಹುದು. ಹಿಂಗಾರಿ ಜೋಳ, ಕಡಲೆ ಹೊಲಗಳಿಗೆ ಎಳ್ಳ ಅಮಾವಾಸ್ಯೆಗೆ ಮತ್ತೆ ಇದೇ ಸಂಭ್ರಮ. ಲಕ್ಕುಂಡಿಯ ಗುಡಿ, ಬಾವಿಗಳನ್ನು ನೋಡಲು ಬೆಂಗಳೂರಿನಿಂದ ಬಂದವರು ಇದೇ ಹೊಲಗಳ ಪಕ್ಕದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಹೋಗುತ್ತಾರೆ. ಅವರಿಗೆ ಯಾರೂ ಹೇಳಿರುವುದಿಲ್ಲ, ಅದಕ್ಕೇ ನಿಲ್ಲಿಸುವುದಿಲ್ಲ.

ಹುಬ್ಬಳ್ಳಿ ಹೋಳಿಯದ್ದೂ ಇದೇ ಕಥೆ. ಬೇರೆ ಕಡೆ ಹುಣ್ಣಿಮೆಯ ಮರುದಿನ ಬಣ್ಣ, ಇಲ್ಲಿ ರಂಗಪಂಚಮಿಗೆ ಬಣ್ಣ. ಜಗ್ಗಲಿಗೆ ಅನ್ನುವ ದೊಡ್ಡ ಚರ್ಮವಾದ್ಯದ ಸದ್ದು ಕೇಳಬೇಕು ಅಂತ ದೂರದಿಂದ ಬರುವವರು ತಾರೀಖು ತಪ್ಪಿಸಿಕೊಂಡರೆ ಹೋಳಿಯನ್ನೇ ನೋಡದೆ ಹೋಗುತ್ತಾರೆ.

ಮೆಕ್ಸಿಕೊದ ಸತ್ತವರ ದಿನದ ಬಗ್ಗೆ ನಿಮ್ಮ ಪುಟದಲ್ಲಿ ಬರುವುದೆಲ್ಲ ತಲೆಬುರುಡೆ ಬಣ್ಣ ಬಳಿದ ಮುಖಗಳ ಫೋಟೊ. ನವೆಂಬರ್ 1 ಮತ್ತು 2ರಂದು ಅಲ್ಲಿನ ಮನೆಗಳಲ್ಲಿ ತೀರಿಹೋದವರ ಫೋಟೊ ಇಟ್ಟು, ಅವರಿಗೆ ಇಷ್ಟವಾದ ಅಡುಗೆ ಬಡಿಸಿ, ದಾರಿ ಕಾಣಲಿ ಅಂತ ಚೆಂಡು ಹೂವಿನ ಎಸಳು ಹಾಸುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ನಮಗೆ ಅದು ಭಯದ ಹಬ್ಬ ಅನ್ನಿಸಲು ಸಾಧ್ಯವೇ ಇಲ್ಲ. ದೀಪಾವಳಿಗೆ ಸಗಣಿಯಲ್ಲಿ ಮಾಡಿ ಪೂಜಿಸುವ ಹಟ್ಟೆವ್ವನಿಗೆ ನಾವು ಸಿಕ್ಕಿಸುವ ಚೆಂಡು ಹೂವಿನ ತವರೂ ಮೆಕ್ಸಿಕೊ ಕಡೆಯೇ. ಹಾವೇರಿ ಜಿಲ್ಲೆಗೆ ಹೆಸರು ತಂದ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಲ್ಲಿಯದೇ. ಇಷ್ಟು ನಂಟು ಇರುವ ದೇಶವನ್ನು ಮುಖವಾಡದ ದೇಶ ಮಾಡಿ ತೋರಿಸಿದರೆ ನನಗೆ ನೋವಾಗುತ್ತದೆ. ರಾತ್ರಿ ಸಮಾಧಿಗಳ ಹತ್ತಿರ ಮೇಣದಬತ್ತಿ ಹಚ್ಚಿ ಕೂತ ಮನೆಯವರ ಮುಖಕ್ಕೆ ಕ್ಯಾಮೆರಾ ಹಿಡಿಯಬಾರದು, ಕೇಳಿ ತೆಗೆಯಬೇಕು ಅಂತಲೂ ಬರೆಯಿರಿ.

ಸ್ಪೇನಿನ ಪಂಪ್ಲೋನದಲ್ಲಿ ಜುಲೈ 7ರಿಂದ 14ರವರೆಗೆ ದಿನಾ ಬೆಳಿಗ್ಗೆ 8ಕ್ಕೆ ಹೋರಿ ಬಿಡುತ್ತಾರೆ, ಅದು ಎಲ್ಲರಿಗೂ ಗೊತ್ತು. ದೀಪಾವಳಿ ಮುಗಿಯುತ್ತಲೇ ಹಾವೇರಿ ಕಡೆ ಶುರುವಾಗುವ ಕೊಬ್ಬರಿ ಹೋರಿ, ಕೊರಳಿಗೆ ಒಣ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿಕೊಂಡು ಅಖಾಡದಲ್ಲಿ ಓಡುವ ಆ ಹೋರಿಗಳು, ಹೊರಗಿನವರಿಗೆ ಗೊತ್ತಿಲ್ಲ. ಎರಡರಲ್ಲೂ ಜನ ಗಾಯಗೊಂಡಿದ್ದಾರೆ, ಪ್ರಾಣವೂ ಹೋಗಿದೆ. ಹಾಗಾಗಿ ಎಲ್ಲಿ ನಿಂತು ನೋಡಬೇಕು, ಎಲ್ಲಿ ನಿಲ್ಲಲೇಬಾರದು ಅನ್ನೋದನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಇಷ್ಟಕ್ಕೆ ಜಾಸ್ತಿ ಜಾಗ ಬೇಕಾಗುವುದಿಲ್ಲ. ಲೇಖನದ ಕೆಳಗೆ ನಾಲ್ಕು ಸಾಲು ಸಾಕು. ಹಬ್ಬ ಯಾವಾಗ, ಅವತ್ತು ಏನೇನು ಮುಚ್ಚಿರುತ್ತದೆ, ಹೊರಗಿನವರು ಸೇರಬಹುದಾ, ಏನು ಮಾಡಬಾರದು. ಹಾಗೇ ಮುಂದಿನ ಸೀಗಿ ಹುಣ್ಣಿಮೆಗೆ ನಿಮ್ಮ ಪ್ರವಾಸ ಪುಟದವರನ್ನು ಗದಗಕ್ಕೆ ಕಳಿಸಿ. ಬೆಳಿಗ್ಗೆ ಹತ್ತರೊಳಗೆ ಬರಲಿ, ಹೊಲದಲ್ಲಿ ಚಪ್ಪಲಿ ಬಿಟ್ಟು ಪೂಜೆಗೆ ನಿಲ್ಲಲಿ, ಚರಗ ಚೆಲ್ಲುವಾಗ ಅಡ್ಡ ಹೋಗದೆ ಹಿಂದೆ ಹಿಂದೆ ನಡೆಯಲಿ. ಊಟಕ್ಕೆ ಯಾರೂ ಆಮಂತ್ರಣ ಕೇಳುವುದಿಲ್ಲ.

ನಿಮ್ಮ ಓದುಗಿ,
ಗದಗ