ತ್ವಾಳ ಟೈಮಿಗೆ ಬಂತು, ಸಾಹೇಬ್ರು ಬರಲಿಲ್ಲ

ಸಂಪಾದಕರಿಗೆ,

ನಿನ್ನೆ ನಿಮ್ಮ ಪೇಪರಿನಾಗ "ತೋಳ ಸಂರಕ್ಷಣೆಗೆ ಕುರಿಗಾಹಿಗಳ ಸಹಭಾಗಿತ್ವ" ಅಂತ ಬಂದಿದ್ದ ಸುದ್ದಿ ಓದಿ ನಗಬೇಕೋ ಅಳಬೇಕೋ ತಿಳೀಲಿಲ್ಲ. ಫೋಟೋದಾಗ ಶಾಲು ಹೊದ್ದು ನಿಂತೋರೊಳಗ ಕುರಿ ಕಾಯೋನು ಒಬ್ಬನೂ ಇಲ್ಲ. ನಾನೂ ಹೋಗಿದ್ದೆ ರೀ ಅರಣ್ಯ ಇಲಾಖೆ ಸಾಹೇಬ್ರ ಆ ಮೀಟಿಂಗಿಗೆ, ಬಾಗಿಲ ಹತ್ರ ನಿಂತಿದ್ದೆ. ಹನ್ನೊಂದಕ್ಕ ಅಂದಿದ್ರು, ಅದು ಕುರಿ ಮೇಯೋ ಹೊತ್ತು, ಹಟ್ಟಿ ತಮ್ಮನ ಮಗನ ಕೈಯಾಗ ಬಿಟ್ಟು ಎರಡು ಬಸ್ ಬದಲಿಸಿ ಹೋದ್ರ ಸಾಹೇಬ್ರು ಬಂದಿದ್ದು ಒಂದೂವರೆಗೆ. ಅಷ್ಟೊತ್ತಿಗೆ ತ್ವಾಳ ಮಾತ್ರ ಕರೆಕ್ಟ್ ಟೈಮಿಗೆ ಬಂದು ಎರಡು ಕೆಂಗುರಿ ಮರಿ ಹೊತ್ಕೊಂಡು ಹೋಗಿತ್ತು.

ಆಫೀಸಿಗೆ ಫೋನ್ ಹಚ್ಚಿದ್ರ ಸತ್ತ ಮರಿ ಫೋಟೋ ಕಳ್ಸು, ಪೋಸ್ಟ್‌ಮಾರ್ಟಂ ಸರ್ಟಿಫಿಕೇಟ್ ತಾ ಅಂತಾರ. ಹೊತ್ಕೊಂಡು ಹೋದ ಮರಿ ಹೆಣ ಎಲ್ಲಿಂದ ತರ್ಲಿ? ಸಿಕ್ಕಿದ್ದು ಜಾಲಿ ಮುಳ್ಳಿಗೆ ಅಂಟಿದ್ದ ಒಂದು ಹಿಡಿ ಕೂದಲು, ಮರಿ ಕೊರಳಾಗ ಕಟ್ಟಿದ್ದ ಕರೀ ದಾರ. ಕವರಿನಾಗ ಹಾಕಿ ಇಟ್ಟೀನಿ, ಬೇಕಾದೋರು ಬಂದು ನೋಡ್ಲಿ.

ತ್ವಾಳದ ಮ್ಯಾಲ ನಮಗ ಸಿಟ್ಟಿಲ್ಲ. ಹಟ್ಟಿ ಅಂದಮ್ಯಾಲ ಅದಕ್ಕೂ ಒಂದು ಪಾಲು ಅಂತಿದ್ದ ನಮ್ಮಜ್ಜ. 2025ರಾಗ ನಮ್ಮ ತಾಲೂಕಿನ ಬಂಕಾಪುರ ತ್ವಾಳ ಧಾಮದಾಗ ಒಂದು ತ್ವಾಳ 8 ಮರಿ ಹಾಕ್ತು ಅಂತ ಎಲ್ಲಾರೂ ಕುಣಿದ್ರಲ್ಲ, ಇಷ್ಟು ವರ್ಷ ಇಲ್ಲಿ ತ್ವಾಳ ಬದುಕಿದ್ದು ಏನು ತಿಂದು, ಮೀಟಿಂಗಿನ ಬಿಸ್ಕೀಟಾ? ಅದೇ ವರ್ಷ ಮಾದೇಶ್ವರ ಬೆಟ್ಟದಾಗ ಯಾರೋ ವಿಷ ಹಾಕಿ 5 ಹುಲಿ ಸತ್ತಿದ್ದಕ್ಕ ಜುಲೈನಾಗ ಇಡೀ ರಾಜ್ಯದ ಕಾಡಿಗೆ ದನ ಕುರಿ ಬಿಡಬ್ಯಾಡ್ರಿ ಅಂತ ಮ್ಯಾಲಿಂದ ಸೂಚನೆ ಬಂತು, ಅಲ್ಲಿಂದ ಇಲ್ಲಿಗೆ ಎಷ್ಟು ದೂರ ಅಂತ ಯಾರಾದ್ರೂ ಮ್ಯಾಪ್ ನೋಡಿದ್ರಾ? 2006ರ ಅರಣ್ಯ ಹಕ್ಕು ಕಾಯ್ದೆದಾಗ ಅಲೆಮಾರಿ ಕುರಿಗಾರರ ಮೇವಿನ ಹಕ್ಕೂ ಐತಲ್ರೀ ಅಂತ ಮೀಟಿಂಗಿನಾಗ ಸಾಹೇಬ್ರನ್ನ ಕೇಳಿದ್ರ "ಆಮೇಲೆ ಮಾತಾಡೋಣ, ಊಟ ಆರ್ತೈತಿ" ಅಂದ್ರು.

ಇವ್ರ ಕಥಿ ಹೊಸದಲ್ಲ ಬಿಡ್ರಿ. ಗೋಮಾಳಕ್ಕ ಬೇಲಿ ಬಿತ್ತು, ಕುರಿಗೆ ಬರೋ ಪಿಪಿಆರ್ ಜಡ್ಡಿನ ಲಸಿಕೆಗೆ ಹೋದ್ರ ಡಾಕ್ಟರ್ ರಜಾ, ಹ್ವಾದ ವರ್ಷ ಕುರಿ ಕಳುವಾಗಿ ಕಂಪ್ಲೇಂಟ್ ಕೊಡಾಕ ಹೋದ್ರ ಗುರ್ತು ಹೇಳು ಅಂದ್ರು, ಹೇಳಿದೆ, "ಎಲ್ಲಾ ಕುರಿ ಹಂಗs ಇರ್ತಾವಲ್ಲೋ" ಅಂದು ಕಳಿಸಿದ್ರು.

ಆ ಎರಡು ಮರಿ ದುಡ್ಡು ಕೊಡ್ರಿ, ಇಲ್ಲಾ ಮುಂದಿನ ಮೀಟಿಂಗ್ ರಾತ್ರಿ ನಮ್ಮ ಹಟ್ಟಿಗೇ ಬಂದು ಕಂಬಳಿ ಮ್ಯಾಲ ಕುಂತು ಮಾಡ್ರಿ. ಎರಡೂ ಆಗಲ್ಲಾಂದ್ರ ಪೇಪರಿನಾಗ ಸಹಭಾಗಿತ್ವ ಅಂತ ಹಾಕಿಸೋದಾದ್ರೂ ಬಿಡ್ರಿ. ತ್ವಾಳದ ಭಾಗಕ್ಕ ಮರಿ ಬಂತು, ಸಾಹೇಬ್ರ ಭಾಗಕ್ಕ ಶಾಲು ಬಂತು, ನಮ್ಮ ಭಾಗಕ್ಕ ಬಸ್ ಟಿಕೆಟ್.

– ಒಬ್ಬ ಕುರಿಗಾರ, ಗಂಗಾವತಿ ತಾಲೂಕು